ಮುಂಗಾರಿಗೆ ಮುಂಚಿನ ಮಳೆಯೂ ಹವಾಸೂಚನೆಯ ಮಾತುಗಳೂ

೨೦೨೪ನೆಯ ಇಸವಿಯ ವಸಂತವು ಕನ್ನಡನಾಡಿಗೆ ಹೆಸರಿಗೆ ಮಾತ್ರ ವಸಂತವಾಗಿದ್ದಿತು. ಹಿಂದಿನ ವರ್ಷದ ಮಳೆ ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಗಿ ಬಂದಿದ್ದಿತು. ಒಣಗಿದ ನೆಲದ ಮೇಲೆ ಬೇಸಗೆಯು ಕಾಲಕ್ಕೆ ಮುಂಚೆಯೇ ಬಂದು ಕುಳಿತಿತು. ಏಪ್ರಿಲ್ ೨೮ರಂದು ಬೆಂಗಳೂರಿನ ಉಷ್ಣಮಾನ ೩೮.೫ ಡಿಗ್ರಿಗೆ ಏರಿತು. ೨೦೧೬ನೆಯ ಏಪ್ರಿಲ್ ತಿಂಗಳಲ್ಲಿ ಅದು ೩೯.೨ ಡಿಗ್ರಿಯನ್ನು ಮುಟ್ಟಿದ್ದಿತು. ಆ ತಿಂಗಳು ಪೂರ್ತಿ ಅಲ್ಲಿನ ವೇಧಶಾಲೆಯ ಮಾಪಕದಲ್ಲಿ ಅಳೆಯುವಷ್ಟು ಮಳೆ ಬೀಳಲಿಲ್ಲ. ಮೇ ತಿಂಗಳ ಆರಂಭದಲ್ಲಿ ಗುಡುಗುಮಳೆಗಳು ಮೊದಲಾದುವು. ೩೦ರಂದು ಮುಂಗಾರು ಕೇರಳವನ್ನು ಮುಟ್ಟಿತು. ಜೂನ್ ೨ರಂದು ಅದೇ ಬೆಂಗಳೂರಿನಲ್ಲಿ ಒಂದೇ ದಿನಕ್ಕೆ ೧೧೧.೧ ಮಿಲಿಮೀಟರು ಸುರಿದು, ಜೂನ್ ತಿಂಗಳ ಮಟ್ಟಿಗೆ ೧೮೯೧ರಿಂದ ನಿಂತಿದ್ದ ದಾಖಲೆಯನ್ನು ಮುರಿಯಿತು.

ಇಂತಹ ಋತುವಿನಲ್ಲಿ ಜನರು ದಿನವೂ ಕೇಳುವ ಪ್ರಶ್ನೆ ಒಂದೇ: ನಾಳೆ ಮಳೆ ಬರುವುದೇ? ಭಾರತ ಹವಾಮಾನ ಇಲಾಖೆಯು ದಿನವೂ ಉತ್ತರವನ್ನು ಕೊಡುತ್ತದೆ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಗುಡುಗುಸಹಿತ ಮಳೆಯಾಗುವ ಸಂಭವವಿದೆ’ ಎಂಬುದು ಆ ಉತ್ತರದ ಸಾಮಾನ್ಯ ಮಾದರಿ. ಕೇಳಿದವರು ಇದನ್ನು ನುಣುಚಿಕೊಳ್ಳುವ ಮಾತೆಂದು ಹಾಸ್ಯಮಾಡುವುದೂ ಉಂಟು. ವಾಸ್ತವವಾಗಿ ಈ ವಾಕ್ಯದಲ್ಲಿರುವ ಒಂದೊಂದು ಪದಕ್ಕೂ ಅಳತೆಯಿದೆ. ಅದು ಪಾರಿಭಾಷಿಕ ವಾಕ್ಯವೇ ಹೊರತು ಲೋಕರೂಢಿಯ ವಾಕ್ಯವಲ್ಲ. ಆ ಅಳತೆ ಯಾವುದು, ಅದು ಕನ್ನಡಕ್ಕೆ ಬರುವಾಗ ಎಲ್ಲಿ ಜಾರಿಹೋಗುತ್ತದೆ ಎಂಬುದು ಭಾಷೆಯನ್ನು ಕಲಿಸುವವರೂ ವಿಚಾರಿಸತಕ್ಕ ವಿಷಯ.

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನ ಸೀತೂರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಈ ಸೀಮೆಯ ಪಶ್ಚಿಮಕ್ಕೆ ತುಂಗೆಯ ಕಣಿವೆಯ ಶೃಂಗೇರಿ ಕೊಪ್ಪಗಳು, ಪೂರ್ವಕ್ಕೆ ಭದ್ರೆ. ಅಡಕೆ, ಕಾಫಿ, ಮೆಣಸು, ಗದ್ದೆಗಳೇ ಇಲ್ಲಿನ ಬಾಳು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ಅಲ್ಲಿಂದ ಐವತ್ತು ಕಿಲೊಮೀಟರಿನೊಳಗೆ ನರಸಿಂಹರಾಜಪುರಕ್ಕೆ ಇಳಿಯುವಷ್ಟರಲ್ಲಿ ಅದರ ಮೂರರಲ್ಲೊಂದು ಪಾಲೂ ಉಳಿಯುವುದಿಲ್ಲ. ಹೀಗೆ ಹೆಜ್ಜೆಹೆಜ್ಜೆಗೆ ಬದಲಾಗುವ ಮಲೆನಾಡನ್ನು ಇಲಾಖೆಯ ಲೆಕ್ಕದಲ್ಲಿ ‘ದಕ್ಷಿಣ ಒಳನಾಡು’ ಎಂಬ ಒಂದೇ ಉಪವಿಭಾಗದಲ್ಲಿ ಸೇರಿಸಿದೆ. ದೇಶದ ೩೬ ಹವಾ ಉಪವಿಭಾಗಗಳಲ್ಲಿ ಕರ್ನಾಟಕದ ಪಾಲಿಗೆ ಬಂದಿರುವುವು ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಆದುದರಿಂದ ಶೃಂಗೇರಿಯೂ ಕೋಲಾರವೂ ಒಂದೇ ವಾಕ್ಯದಲ್ಲಿ ಬಂದುಬಿಡುತ್ತವೆ. ಜಿಲ್ಲಾವಾರು ಸೂಚನೆಯು ಇದಕ್ಕಿಂತ ಮೇಲಾದರೂ, ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ ಶೃಂಗೇರಿಯ ಕಾಡೂ ಕಡೂರಿನ ಬಯಲೂ ಇವೆಯೆಂಬುದನ್ನು ಮರೆಯಲಾಗದು. ಈ ತೊಡಕು ಹಳೆಯದು. ಮೈಸೂರು ಸಂಸ್ಥಾನವು ತನ್ನದೇ ಆದ ಹವಾಮಾನ ಇಲಾಖೆಯನ್ನು ನಡೆಸುತ್ತಿದ್ದಾಗ, ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ೧೮೯೩ರಿಂದ ಪ್ರಕಟಿಸಿದ ವಾರ್ಷಿಕ ವರದಿಗಳು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ವೇಧಶಾಲೆಗಳವು. ನಾಲ್ಕರಲ್ಲಿ ಒಂದೂ ನಡುಮಲೆನಾಡಿನದಲ್ಲ.

ಮುಂಗಾರಿಗೆ ಮುಂಚಿನ ಮಳೆಯ ಸ್ವಭಾವವನ್ನು ತಿಳಿಯದೆ ಸೂಚನೆಯ ಮಾತು ತಿಳಿಯುವಂತಿಲ್ಲ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಈ ಸೀಮೆಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಕಾದ ನೆಲದಿಂದ ಕಾದ ಗಾಳಿ ಮೇಲೇಳುತ್ತದೆ. ಆದರೆ ಬಿಸಿಲೊಂದರಿಂದಲೇ ಮಳೆಯಾಗುವುದಿಲ್ಲ. ಹಾಗಾಗುವುದಿದ್ದರೆ ೨೦೨೪ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರು ತೊಯ್ದುಹೋಗಬೇಕಾಗಿದ್ದಿತು. ಮೂರು ಸಂಗತಿಗಳು ಕೂಡಬೇಕು. ಮೊದಲನೆಯದು ತೇವ. ಅರಬ್ಬೀ ಸಮುದ್ರದ ಕಡೆಯಿಂದಲೂ ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವದ ಗಾಳಿಗಳು ಒಳನಾಡಿಗೆ ಬರುತ್ತವೆ. ಎರಡನೆಯದು ಅವುಗಳನ್ನು ಮೇಲಕ್ಕೆತ್ತುವ ಏರ್ಪಾಡು. ಈ ಋತುವಿನಲ್ಲಿ ಮಧ್ಯಭಾರತದಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ, ಗಾಳಿಯ ದಿಕ್ಕು ತಟ್ಟನೆ ಬದಲಾಗುವ ಒಂದು ರೇಖೆ ಅನೇಕ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಉದ್ದಕ್ಕೂ ಎದುರುಬದುರಾದ ಗಾಳಿಗಳು ಒತ್ತಿ ಮೇಲೇಳುತ್ತವೆ. ಘಟ್ಟದ ಇಳಿಜಾರೂ ಇದೇ ಕೆಲಸವನ್ನು ಮಾಡುತ್ತದೆ. ಮೂರನೆಯದು, ಮೇಲಿನ ಮುಚ್ಚಳ ಸರಿಯುವುದು. ನೆಲದಿಂದ ಒಂದೆರಡು ಕಿಲೊಮೀಟರು ಎತ್ತರದಲ್ಲಿ ಬೆಚ್ಚನೆಯ ಒಣಗಾಳಿಯ ಪದರವೊಂದು ಹಾಸಿಕೊಂಡಿದ್ದರೆ ಕೆಳಗಿನ ಗಾಳಿ ಅದನ್ನು ಸೀಳಿ ಹೋಗಲಾರದು. ಪಾತ್ರೆಯ ಮುಚ್ಚಳದಂತೆ ಅದು ಕಾವನ್ನು ಹಿಡಿದಿಡುತ್ತದೆ. ಆಕಾಶ ನಿರಭ್ರವಾಗಿಯೇ ಇರುತ್ತದೆ, ಸೆಕೆ ಮಾತ್ರ ಏರುತ್ತದೆ. ಮುಚ್ಚಳ ಎಲ್ಲಿ ಬಿರಿಯಿತೋ ಅಲ್ಲಿ, ಅಲ್ಲಿ ಮಾತ್ರ, ಗಾಳಿ ಕಂಬದಂತೆ ಮೇಲೆದ್ದು, ಹನ್ನೆರಡು ಹದಿನೈದು ಕಿಲೊಮೀಟರು ಎತ್ತರದ ಮೋಡವಾಗಿ, ಮಿಂಚು ಗುಡುಗು ಆಲಿಕಲ್ಲುಗಳೊಡನೆ ಇಳಿಯುತ್ತದೆ. ಮಳೆಯೊಡನೆ ಬೀಳುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ನಾಲ್ಕು ಕಡೆಗೂ ಚಿಮ್ಮುತ್ತದೆ; ಹನಿಗೆ ಮುಂಚೆ ಬಂದು ಅಡಕೆಮರಗಳನ್ನು ಮುರಿಯುವ ಬಿರುಗಾಳಿ ಇದೇ.

ಇಂತಹ ಒಂದು ಮೋಡದ ವ್ಯಾಸವು ಹಲವು ಕಿಲೊಮೀಟರು, ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಆದಕಾರಣ ಒಂದೂರಿನ ಕೆರೆ ತುಂಬಿ, ಪಕ್ಕದೂರಿನ ರಸ್ತೆಯ ಧೂಳು ಕೂಡ ಅಡಗದಿರುವುದು ಈ ಮಳೆಯ ಸಹಜಧರ್ಮ. ಇದಕ್ಕೆ ಹವಾಮಾಪಕರನ್ನು ದೂರಿ ಪ್ರಯೋಜನವಿಲ್ಲ. ಕುದಿಯುವ ಪಾತ್ರೆಯಲ್ಲಿ ಗುಳ್ಳೆಗಳು ಏಳುವುವೆಂದು ಹೇಳುವುದು ಸುಲಭ. ಮುಂದಿನ ಗುಳ್ಳೆ ಯಾವ ಬಿಂದುವಿನಲ್ಲಿ ಏಳುವುದೆಂದು ಹೇಳುವುದು ಬೇರೆ ಮಾತು. ಗಣಕಯಂತ್ರಗಳು ವಾಯುಮಂಡಲವನ್ನು ಚೌಕಗಳಾಗಿ ಹೆಣೆದು ಲೆಕ್ಕಹಾಕುತ್ತವೆ. ಭಾರತದ ಜಾಗತಿಕ ಲೆಕ್ಕದ ಚೌಕವು ಬಹುಕಾಲ ಹನ್ನೆರಡು ಕಿಲೊಮೀಟರಿನದಾಗಿದ್ದು, ಪುಣೆಯ ಉಷ್ಣವಲಯ ಹವಾವಿಜ್ಞಾನ ಸಂಸ್ಥೆಯು ರೂಪಿಸಿದ ‘ಭಾರತ್ ಫೋರ್ಕಾಸ್ಟ್ ಸಿಸ್ಟಮ್’ ೨೦೨೫ನೆಯ ಮೇ ೨೬ರಂದು ಬಳಕೆಗೆ ಬಂದಾಗ ಆರು ಕಿಲೊಮೀಟರಿಗೆ ಇಳಿಯಿತು. ಬಲೆಯ ಕಣ್ಣಿಗಿಂತ ಸಣ್ಣ ಮೀನು ಬಲೆಗೆ ಸಿಕ್ಕದಿರುವಂತೆ, ಚೌಕಕ್ಕಿಂತ ಸಣ್ಣ ಮೋಡ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಮೋಡ ಹುಟ್ಟಿದ ಮೇಲೆ ಅದನ್ನು ಕಾಣುವುದು ರಾಡಾರಿನ ಕೆಲಸ. ಅದಕ್ಕೂ ಭೂಮಿಯ ದುಂಡುತನ ಅಡ್ಡ ಬರುತ್ತದೆ. ಗೋವೆಯ ರಾಡಾರಿನಿಂದ ಕೊಪ್ಪಕ್ಕೆ ನೇರರೇಖೆಯಲ್ಲಿ ಸುಮಾರು ೨೭೦ ಕಿಲೊಮೀಟರು. ಅಷ್ಟು ದೂರಕ್ಕೆ ಬರುವ ಹೊತ್ತಿಗೆ ಅದರ ಕಿರಣವು ನೆಲದಿಂದ ಐದಾರು ಕಿಲೊಮೀಟರಿಗೂ ಮೇಲೆ ಹೋಗಿರುತ್ತದೆ. ಮೋಡದ ತಲೆ ಕಂಡೀತು, ಕಾಲು ಕಾಣದು.

ಈಗ ಸೂಚನೆಯ ಮಾತಿಗೆ ಬರಬಹುದು. ಇಲಾಖೆಯು ‘ಅಲ್ಪಾವಧಿ’ ಎನ್ನುವುದು ಮೂರು ದಿನಗಳವರೆಗಿನ ಮುನ್ನೋಟವನ್ನು. ಕೆಲವೇ ಗಂಟೆಗಳದು ತತ್ಕಾಲಸೂಚನೆ. ನಾಲ್ಕರಿಂದ ಹತ್ತು ದಿನಗಳದು ಮಧ್ಯಮಾವಧಿ. ಸ್ಥಳದ ವಿಸ್ತಾರಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಉಪವಿಭಾಗದ ಮಾಪನಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಳೆ ಕಂಡರೆ ‘ಒಂದೆರಡು ಕಡೆ’, ಐವತ್ತರವರೆಗೆ ‘ಕೆಲವು ಕಡೆ’, ಎಪ್ಪತ್ತೈದರವರೆಗೆ ‘ಹಲವು ಕಡೆ’, ಅದರಾಚೆ ‘ಹೆಚ್ಚಿನ ಕಡೆ’. ಕನ್ನಡ ಓದುಗನ ಕಿವಿಗೆ ‘ಕೆಲವು’ ‘ಹಲವು’ಗಳ ನಡುವೆ ಅಷ್ಟು ಖಚಿತವಾದ ಗೆರೆ ಇರುವುದಿಲ್ಲ, ಪತ್ರಿಕೆಗಳು ಇವೆಲ್ಲವನ್ನೂ ‘ಅಲ್ಲಲ್ಲಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ನಾಲ್ಕು ಮೆಟ್ಟಿಲು ಸವೆದು ಒಂದು ಜಾರುಬಂಡೆಯಾಗುತ್ತದೆ. ಮಳೆಯ ಪ್ರಮಾಣಕ್ಕೂ ಹೀಗೆಯೇ. ‘ಭಾರಿ ಮಳೆ’ ಎಂದರೆ ಒಂದು ದಿನಕ್ಕೆ ೬೪.೫ರಿಂದ ೧೧೫.೫ ಮಿಲಿಮೀಟರು, ‘ಅತಿ ಭಾರಿ’ ೨೦೪.೪ರವರೆಗೆ, ಅದನ್ನು ಮೀರಿದ್ದು ‘ಅತ್ಯಂತ ಭಾರಿ’. ಅರ್ಧ ಗಂಟೆಯಲ್ಲಿ ಮೂವತ್ತು ಮಿಲಿಮೀಟರು ಸುರಿಸಿ ಅಂಗಳವನ್ನು ಹೊಳೆ ಮಾಡುವ ಗುಡುಗುಮಳೆ, ಇಲಾಖೆಯ ಲೆಕ್ಕದಲ್ಲಿ ‘ಸಾಧಾರಣ’. ದಿನದ ಎಣಿಕೆಯೂ ಬೇರೆ. ಇಲಾಖೆಯ ಮಳೆದಿನವು ಬೆಳಗಿನ ಎಂಟೂವರೆಗೆ ಮುಗಿಯುತ್ತದೆ. ಸೋಮವಾರ ಸಂಜೆಯ ಮಳೆಯು ಮಂಗಳವಾರದ ಹೆಸರಿನಲ್ಲಿ ದಾಖಲಾಗುತ್ತದೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ವಾರವನ್ನು ಎಣಿಸುವ ಪಂಚಾಂಗಕ್ಕೂ ಇದಕ್ಕೂ ದೂರದ ನಂಟಿರುವಂತೆ ತೋರಿದರೂ, ಪಂಚಾಂಗವು ಆ ಸಂಜೆಯನ್ನು ಸೋಮವಾರಕ್ಕೇ ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಅನರ್ಥವಾಗುವುದು ‘ಸಂಭವ’ ಎಂಬ ಪದದಲ್ಲಿ. ಇಲಾಖೆಯ ಪರಿಭಾಷೆಯಲ್ಲಿ ‘ಸಂಭವವಿದೆ’ ಎಂದರೆ ನೂರಕ್ಕೆ ಇಪ್ಪತ್ತೈದರಿಂದ ಐವತ್ತು. ‘ಬಹಳ ಸಂಭವವಿದೆ’ ಎಂದರೆ ಐವತ್ತರಿಂದ ಎಪ್ಪತ್ತೈದು. ಅದಕ್ಕೂ ಮೇಲಿನದು ಬಹುಮಟ್ಟಿಗೆ ನಿಶ್ಚಯ. ಎಂದರೆ ಬರಿಯ ‘ಸಂಭವವಿದೆ’ ಎಂದು ಸೂಚಿಸಿದ ದಿನಗಳಲ್ಲಿ ಅರ್ಧಕ್ಕೂ ಹೆಚ್ಚು ದಿನ ಮಳೆ ಬಾರದಿರುವುದೇ ಸೂಚನೆ ಸರಿಯಾಗಿದ್ದುದಕ್ಕೆ ಗುರುತು! ಇದನ್ನು ‘ನಾಳೆ ಮಳೆಯಾಗಲಿದೆ’ ಎಂಬ ತಲೆಬರಹವಾಗಿ ಮಾರ್ಪಡಿಸಿದರೆ ಅನುವಾದವಾಗಲಿಲ್ಲ, ಬೇರೆ ಪ್ರತಿಜ್ಞೆಯಾಯಿತು. ‘ಲಿದೆ’ ಎಂಬ ಪ್ರತ್ಯಯವು ಆಗಲೇ ಗೊತ್ತಾಗಿರುವ ಭವಿಷ್ಯವನ್ನು ಹೇಳುತ್ತದೆ: ಸಭೆ ನಡೆಯಲಿದೆ, ರೈಲು ಹೊರಡಲಿದೆ. ಮಳೆಯ ವಿಷಯದಲ್ಲಿ ಅಂತಹ ವೇಳಾಪಟ್ಟಿ ಯಾರ ಕೈಯಲ್ಲಿಯೂ ಇಲ್ಲ.

ಸೋಜಿಗವೆಂದರೆ, ಇಲ್ಲಿ ಬೇಕಾದ ಕ್ರಿಯಾರೂಪವನ್ನು ಕನ್ನಡವು ಹಿಂದಿನಿಂದಲೂ ಸಿದ್ಧವಾಗಿ ಇಟ್ಟುಕೊಂಡಿದೆ. ವ್ಯಾಕರಣದಲ್ಲಿ ಸಂಭಾವನಾರ್ಥಕವೆಂದು ಕರೆಯುವ ‘ಬಂದೀತು’, ‘ಸುರಿದೀತು’, ‘ಬಿದ್ದೀತು’ ಎಂಬ ರೂಪಗಳು ಇಂಗ್ಲಿಷಿನವರು ಎರಡು ಮೂರು ಪದಗಳಲ್ಲಿ ಹೇಳಬೇಕಾದುದನ್ನು ಒಂದೇ ಪದದಲ್ಲಿ ಹೇಳುತ್ತವೆ. ಅಷ್ಟೇ ಅಲ್ಲದೆ ಅದರಲ್ಲಿ ತರತಮವೂ ಇದೆ. ‘ಬಂದರೂ ಬಂದೀತು’ ಎನ್ನುವಾಗ ಭರವಸೆ ತೀರ ಕಡಮೆ. ‘ಬಂದೀತು’ ಎನ್ನುವಾಗ ಅದಕ್ಕಿಂತ ಮೇಲು. ‘ಬರುವ ಹಾಗಿದೆ’ ಎನ್ನುವಾಗ ಮೋಡ ಕಣ್ಣಿಗೆ ಬಿದ್ದಿದೆ. ‘ಬಂದೇ ಬರುತ್ತದೆ’ ಎನ್ನುವಾಗ ಸಂಶಯವಿಲ್ಲ. ಮಲೆನಾಡಿನ ಸಾಮಾನ್ಯ ಒಕ್ಕಲಿಗನು ದಿನದ ಮಾತಿನಲ್ಲಿ ಈ ನಾಲ್ಕು ಮೆಟ್ಟಿಲುಗಳನ್ನು ತಪ್ಪದೆ ಹತ್ತಿಳಿಯುತ್ತಾನೆ. ಹವಾಪತ್ರಿಕೆಯ ಕನ್ನಡವಾದರೋ ಸಂಸ್ಕೃತದ ‘ಸಂಭವ’ ‘ಸಾಧ್ಯತೆ’ಗಳನ್ನೇ ನೆಚ್ಚಿಕೊಂಡು, ಮನೆಯ ಹಿತ್ತಿಲಿನ ಗಿಡವನ್ನು ಕಾಣದಾಗಿದೆ.

ಇಂಗ್ಲಿಷಿನಲ್ಲಿಯೂ ಈ ಎಚ್ಚರವು ತಾನಾಗಿ ಬಂದುದಲ್ಲ. ೧೮೬೧ನೆಯ ಆಗಸ್ಟ್ ೧ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಹವಾಸೂಚನೆಯನ್ನು ಪ್ರಕಟಿಸಿದ ನೌಕಾಧಿಕಾರಿ ರಾಬರ್ಟ್ ಫಿಟ್ಸ್‌ರಾಯ್ ಅವರು, ಭವಿಷ್ಯವಾಣಿ ಎಂಬರ್ಥದ ಹಳೆಯ ಮಾತುಗಳನ್ನು ಬೇಕೆಂದೇ ಬಿಟ್ಟು ‘ಫೋರ್ಕಾಸ್ಟ್’ ಎಂಬ ಪದವನ್ನು ಹವೆಗೆ ಅನ್ವಯಿಸಿದರು. ಲೆಕ್ಕದ ಮೇಲೆ ನಿಂತ ಅಭಿಪ್ರಾಯವೆಂಬುದು ಅವರ ಉದ್ದಿಷ್ಟಾರ್ಥ. ಭಾರತದಲ್ಲಿ ಹವಾಮಾನ ಇಲಾಖೆ ಹುಟ್ಟಿದುದು ೧೮೭೫ರಲ್ಲಿ, ಬ್ಲ್ಯಾನ್‌ಫರ್ಡರ ಕೈಕೆಳಗೆ. ಅದಕ್ಕೆ ಹಿನ್ನೆಲೆಯಾಗಿದ್ದುದು ೧೮೬೪ರ ಕಲ್ಕತ್ತೆಯ ಚಂಡಮಾರುತ ಮತ್ತು ಅನಂತರದ ಕ್ಷಾಮಗಳು.

ಸೂಚನೆಯ ಗುಣವನ್ನು ಅಳೆಯುವುದರಲ್ಲಿಯೂ ಒಂದು ಮೋಸವಿದೆ. ೧೮೮೪ರಲ್ಲಿ ಅಮೆರಿಕದ ಫಿನ್ಲಿ ಎಂಬವರು ತಮ್ಮ ಸುಂಟರಗಾಳಿಯ ಸೂಚನೆಗಳು ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಸರಿಬಂದುವೆಂದು ತೋರಿಸಿದರು. ಭೂವಿಜ್ಞಾನಿ ಗಿಲ್ಬರ್ಟರು ಅದನ್ನು ಪರೀಕ್ಷಿಸಿ, ದಿನವೂ ‘ಸುಂಟರಗಾಳಿ ಇಲ್ಲ’ ಎಂದಿದ್ದರೆ ನೂರಕ್ಕೆ ತೊಂಬತ್ತೆಂಟು ಸರಿಯಾಗುತ್ತಿತ್ತೆಂದು ಎತ್ತಿತೋರಿಸಿದರು. ೨೦೨೪ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನವನೊಬ್ಬನು ಕಣ್ಣುಮುಚ್ಚಿ ದಿನವೂ ‘ಮಳೆಯಿಲ್ಲ’ ಎಂದಿದ್ದರೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಅವನ ಮಾತಿನಿಂದ ಯಾರಿಗೂ ಉಪಕಾರವೂ ಆಗುತ್ತಿರಲಿಲ್ಲ.

ಉಪಕಾರವೆಂಬುದು ಮಳೆಯಿಂದಾಗುವ ಲಾಭನಷ್ಟವನ್ನು ಹಿಡಿದು ನಿಲ್ಲುತ್ತದೆ. ಕಾಫಿಯ ಗಿಡದ ಮೊಗ್ಗು ಒಣಹವೆಯಲ್ಲಿ ನಿದ್ರಿಸುತ್ತಿದ್ದು, ಒಂದು ಒಳ್ಳೆಯ ಹೂಮಳೆ ಬಿದ್ದ ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಅರೆಬರೆಯಾದರೆ ಮೊಗ್ಗು ಕೆಡುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ಕೊಚ್ಚಿಹೋಗುತ್ತದೆ. ಅರಳಿದ ಮೇಲೆ ಎರಡು ಮೂರು ವಾರಗಳಲ್ಲಿ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಸಂಶೋಧನ ಕೇಂದ್ರವು ಈ ಸೀಮೆಯಲ್ಲಿಯೇ ಇದೆ. ಈಗ ಮಾರ್ಚ್ ತಿಂಗಳಲ್ಲಿ ಬೆಳೆಗಾರನ ಮುಂದೆ ನಿಲ್ಲುವ ಪ್ರಶ್ನೆಯನ್ನು ನೋಡಬೇಕು. ಕೆರೆಯಲ್ಲಿ ಉಳಿದಿರುವ ನೀರನ್ನು ಪಂಪಿನಿಂದ ಎತ್ತಿ ತುಂತುರು ಹೊಡೆಯಬೇಕೆ, ಇಲ್ಲವೆ ‘ಸಂಭವವಿದೆ’ ಎಂದ ಮಳೆಗೆ ಕಾಯಬೇಕೆ? ನೀರೆತ್ತುವ ಖರ್ಚು, ಹೂ ಕೆಟ್ಟರೆ ಆಗುವ ನಷ್ಟದ ಕಾಲುಭಾಗವೆಂದು ಇಟ್ಟುಕೊಂಡರೆ, ಮಳೆ ತಪ್ಪುವ ಸಂಭವವು ನೂರಕ್ಕೆ ಇಪ್ಪತ್ತೈದನ್ನು ಮೀರಿದೊಡನೆ ನೀರೆತ್ತುವುದೇ ಲಾಭ. ‘ಸಂಭವವಿದೆ’ ಎಂದ ದಿನ ಮಳೆ ತಪ್ಪುವ ಸಂಭವ ಐವತ್ತಕ್ಕಿಂತ ಕಡಮೆಯಿಲ್ಲ. ತಲೆಬರಹವನ್ನು ನಂಬಿ ಕಾದವನು ಲೆಕ್ಕದಲ್ಲಿ ಸೋತನು. ಅಂಗಳದಲ್ಲಿ ಮೆಣಸು ಒಣಗಿಸುತ್ತಿರುವವಳ ಲೆಕ್ಕ ಇದಕ್ಕೆ ತಿರುಗುಮುರುಗು: ಟಾರ್ಪಾಲು ಹೊದಿಸುವುದಕ್ಕೆ ಖರ್ಚೇ ಇಲ್ಲವಾದುದರಿಂದ, ನೂರಕ್ಕೆ ಹತ್ತರ ಸಂಭವಕ್ಕೂ ಅವಳು ಹೊದಿಸತಕ್ಕದ್ದೇ. ಮಿಂಚಿನ ಮಾತು ಇನ್ನೂ ಬೇರೆ. ನಮ್ಮ ದೇಶದಲ್ಲಿ ಸಿಡಿಲಿಗೆ ಸಿಕ್ಕಿ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕ ಜನ ಸಾಯುತ್ತಾರೆ; ಪ್ರಾಣವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಎಷ್ಟು ಸಣ್ಣ ಸಂಭವವೂ ಭಾರವೇ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂರೆಣಿಸಿದರೆ ಸಿಡಿಲು ಒಂದು ಕಿಲೊಮೀಟರು ದೂರ.

ಹಳೆಯ ಮಳೆಗಾದೆಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ಅರ್ಥ ಬೇರೆಯಾಗಿ ಕಾಣುತ್ತದೆ. ‘ಭರಣಿ ಸುರಿದರೆ ಧರಣಿ ಬದುಕೀತು’, ‘ಬಂದರೆ ಮಘೆ, ಹೋದರೆ ಹೊಗೆ’ ಎಂಬಿವು ಮಳೆ ಬರುತ್ತದೆಂದು ಹೇಳುವುದೇ ಇಲ್ಲ. ಎರಡೂ ‘ರೆ’ ಎಂಬ ಪಕ್ಷಾರ್ಥದಿಂದ ಮೊದಲಾಗುತ್ತವೆ. ಬಂದರೆ ಏನು, ಬಾರದಿದ್ದರೆ ಏನು ಎಂಬ ಲಾಭನಷ್ಟವನ್ನು ತೂಗುತ್ತವೆ. ಹವಾಪತ್ರಿಕೆಯು ಸಂಭವವನ್ನು ಹೇಳುತ್ತದೆ, ಗಾದೆಯು ನಷ್ಟವನ್ನು ಹೇಳುತ್ತದೆ. ಎರಡನ್ನೂ ಗುಣಿಸಿ ನೋಡುವವನೇ ಒಕ್ಕಲಿಗ. ಗಾದೆಗಳನ್ನು ಭವಿಷ್ಯಗಳೆಂದು ಭಾವಿಸಿ ಅವು ಸುಳ್ಳಾದುವೆಂದು ನಗುವವರೂ, ನಿಜವಾದುವೆಂದು ಹೆಮ್ಮೆಪಡುವವರೂ ಸಮಾನವಾಗಿ ತಪ್ಪಿದ್ದಾರೆ.

ಆದರೆ ಇವುಗಳ ಪ್ರಾಚೀನತೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಮಳೆಯ ಶಾಸ್ತ್ರಕ್ಕೆ ನಮ್ಮಲ್ಲಿ ದೀರ್ಘವಾದ ಪರಂಪರೆಯಿದೆ: ಮಳೆಯನ್ನು ಪಾತ್ರೆಯಿಂದ ಅಳೆಯುವ ಕ್ರಮ ಅರ್ಥಶಾಸ್ತ್ರದಲ್ಲಿದೆ, ಮೇಘಗರ್ಭದ ವಿಚಾರ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ, ಕನ್ನಡದಲ್ಲಿ ಕ್ರಿ.ಶ. ಸುಮಾರು ೧೩೦೦ರ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಭೂಕಂಪ, ಶಕುನಗಳನ್ನೇ ವಸ್ತುವಾಗಿ ಉಳ್ಳ ಗ್ರಂಥ; ಅದು ತೆಲುಗಿಗೂ ಅನುವಾದವಾಯಿತು. ಆದರೆ ‘ಅಶ್ವಿನಿಯ ಮಳೆ’ ಎಂಬುದು ಸೂರ್ಯನು ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಹೆಸರು. ಅಯನಚಲನದಿಂದಾಗಿ ಈ ದಿನಗಳು ಸುಮಾರು ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದಂತೆ ಋತುವಿನಲ್ಲಿ ಮುಂದಕ್ಕೆ ಸರಿಯುತ್ತವೆ. ವರಾಹಮಿಹಿರನ ಕಾಲಕ್ಕೆ ವಿಷುವದ ಹತ್ತಿರ ಮೊದಲಾಗುತ್ತಿದ್ದ ಅಶ್ವಿನಿ ಈಗ ಮೊದಲಾಗುವುದು ಏಪ್ರಿಲ್ ೧೪ರ ಸುಮಾರಿಗೆ. ಅಂದು ಅಶ್ವಿನಿಯಲ್ಲಿ ಬೀಳುತ್ತಿದ್ದ ಮಳೆಗೂ ಇಂದು ಅಶ್ವಿನಿಯಲ್ಲಿ ಬೀಳುವ ಮಳೆಗೂ ನಡುವೆ ಮೂರು ವಾರಕ್ಕೂ ಮಿಕ್ಕ ಅಂತರ. ಆದಕಾರಣ ಇಂದಿನ ಹವೆಗೆ ಸರಿಹೊಂದುವ ನಕ್ಷತ್ರದ ಗಾದೆ ಸಾವಿರಾರು ವರ್ಷ ಹಳೆಯದಾಗಿರಲಾರದು. ಸಾವಿರಾರು ವರ್ಷ ಹಳೆಯದಾಗಿದ್ದರೆ ಇಂದಿನ ಹವೆಗೆ ಸರಿಹೊಂದಲಾರದು. ಗಾದೆಗಳ ಕಾಲನಿರ್ಣಯಕ್ಕೆ ಇದೊಂದು ಸಾಧನವಾಗಬಹುದೆಂಬುದನ್ನು ಜಾನಪದದ ವಿದ್ವಾಂಸರು ಪರಿಶೀಲಿಸಬೇಕಾಗಿದೆ.

೨೦೨೪ನೆಯ ಅಕ್ಟೋಬರ್ ೨೪ರಿಂದ ಗ್ರಾಮಪಂಚಾಯಿತಿಯ ಮಟ್ಟದಲ್ಲಿಯೂ ಹವಾಸೂಚನೆಯನ್ನು ಕೊಡುವ ಏರ್ಪಾಡು ದೇಶದಲ್ಲಿ ಆರಂಭವಾಯಿತು. ಹೀಗೆ ಸಣ್ಣ ಊರುಗಳ ಹೆಸರೂ ದೂರವಾಣಿಯ ತೆರೆಯ ಮೇಲೆ ಮೂಡತೊಡಗಿದೆ. ಹೆಸರು ಊರಿನದಾದರೂ ಲೆಕ್ಕವು ಹಿಂದೆ ಹೇಳಿದ ಚೌಕದ್ದೇ ಎಂಬುದನ್ನು ತಿಳಿದು ಓದಿದರೆ ಅದು ಉಪಯುಕ್ತ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕಗಳು, ಬಿದ್ದ ಮಳೆಯನ್ನಾದರೂ ಊರೂರಿಗೆ ಬೇರೆಬೇರೆಯಾಗಿ ಹೇಳುತ್ತವೆ. ಸೂಚನೆಯನ್ನು ಒರೆಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಮರುವರ್ಷದ ಕಥೆ ಇನ್ನೊಂದು ಬಗೆ. ೨೦೨೫ರಲ್ಲಿ ಮುಂಗಾರು ಕೇರಳಕ್ಕೆ ಮೇ ೨೭ರಂದು, ನಾ‌ಲ್ಕು ದಿನ ಹಿಂದುಮುಂದಾಗಿ, ಬಂದೀತೆಂದು ಇಲಾಖೆ ಹೇಳಿತು, ಬಂದುದು ೨೪ರಂದು. ಹೇಳಿದ ಮಿತಿಯೊಳಗೇ ಬಂದುದರಿಂದ ಸೂಚನೆ ಸರಿಯಾಯಿತು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಗೊನೆಗಳಿಗೆ ಹೊಡೆಯಬೇಕು. ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಶಾಸ್ತ್ರೀಯವಾಗಿ ಪರಿಶೋಧಿಸಿದವರು ಲೆಸ್ಲಿ ಕೋಲ್ಮನ್ ಅವರು. ಅದಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ವಾಡಿಕೆಯಾಗಿದ್ದಿತು. ದ್ರಾವಣ ಗೊನೆಗೆ ಹಿಡಿಯಲು ಒಣಹವೆಯ ಬಿಡುವು ಬೇಕು, ಮರವೇರುವ ಕೊನೆಗಾರನಿಗೆ ಒಣಗಿದ ಮರ ಬೇಕು. ಹಿಂದುಮುಂದಿನ ನಾಲ್ಕು ದಿನಗಳನ್ನು ಮರೆತು ೨೭ ಎಂಬ ಅಂಕಿಯನ್ನು ಮಾತ್ರ ನೆನಪಿಟ್ಟು, ಮೇ ಕೊನೆಯ ವಾರಕ್ಕೆ ಕೊನೆಗಾರನನ್ನು ಗೊತ್ತುಮಾಡಿಕೊಂಡ ತೋಟದವನಿಗೆ ಆ ವರ್ಷ ಬಿಡುವು ಸಿಕ್ಕುವುದು ಕಷ್ಟವಾಗಿದ್ದಿತು. ‘ಬಂದೀತು’ ಎಂಬುದನ್ನು ಅದರ ಮಿತಿಯೊಡನೆ ಓದಿದವನು ಮೇ ಇಪ್ಪತ್ತರೊಳಗೇ ಏಣಿ ಹಾಕಿಸಿರುತ್ತಿದ್ದನು.